ಮೇನ್ ಬೋರ್ಡು ಬದಲಿಸುವ ಮುನ್ನ

ಗುಜರಾತಿನಲ್ಲಿ ವಿದ್ಯುತ್ತಿನ ಬಿಲ್ಲನ್ನು ಜನ ಇಂದಿಗೂ ‘ಲೈಟ್ ಬಿಲ್’ ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿ ನಮ್ಮ ಹಳೆಯ ಮನೆಗಳ ಚರಿತ್ರೆಯೇ ಅಡಗಿದೆ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದುದು ದೀಪಕ್ಕಾಗಿ. 1913ರಲ್ಲಿ ಅಹಮದಾಬಾದಿನಲ್ಲಿ ವಿದ್ಯುತ್ ಕಂಪೆನಿಯು ಹುಟ್ಟಿದಾಗಲೂ ಮನೆಗಳಿಗೆ ಬೇಕಾಗಿದ್ದುದು ದೀಪ, ಹೆಚ್ಚೆಂದರೆ ಒಂದು ಫ್ಯಾನು. ಮೂರು ನಾಲ್ಕು ದಶಕಗಳ ಹಿಂದೆ ಕಟ್ಟಿದ ಅನೇಕ ಮನೆಗಳಿಗೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ತಂತಿ ಎಳೆದಿದ್ದರು. ಅಂತಹ ಮನೆಗಳಲ್ಲಿ ನಾವಿಂದು ಏಸಿ, ಗೀಸರು, ಇಂಡಕ್ಷನ್ ಒಲೆಗಳನ್ನಿಟ್ಟುಕೊಂಡು ಸಂಸಾರ ಹೂಡಿದ್ದೇವೆ.

ವಸ್ತ್ರಾಪುರದ ಕೆರೆಗೆ ಸಮೀಪದ ಹಳೆಯ ಸೊಸೈಟಿಯೊಂದರಲ್ಲಿ ಕುಂದಾಪುರದ ಕಡೆಯ ನಮ್ಮ ಸ್ನೇಹಿತರೊಬ್ಬರು ಇಪ್ಪತ್ತು ವರ್ಷಗಳ ಉಳಿತಾಯವನ್ನು ಸುರಿದು ಎರಡು ಕೋಣೆಯ ಮನೆಯನ್ನು ಕೊಂಡರು. ಬಾಗಿಲ ಹಿಂದೆ ಮರದ ಹಲಗೆ, ಅದರ ಮೇಲೊಂದು ಕಬ್ಬಿಣದ ಮೇನ್ ಸ್ವಿಚ್ಚು, ಎರಡು ಪಿಂಗಾಣಿ ಫ್ಯೂಸುಗಳು. ಏಸಿ ಬಂದ ವಾರದಲ್ಲಿಯೇ ಫ್ಯೂಸು ಹೋಗತೊಡಗಿತು. ಕರೆಸಿದ ವಯರ್‌ಮನ್ನನು ದಪ್ಪ ತಂತಿಯನ್ನು ಸುತ್ತಿ, “ಇನ್ನು ಹೋಗುವುದಿಲ್ಲ” ಎಂದು ಹೇಳಿ ಹೋದನು. ಫ್ಯೂಸು ಹೋಗಲಿಲ್ಲ ನಿಜ. ಒಂದು ರಾತ್ರಿ ಗೋಡೆಯೊಳಗಿನ ತಂತಿಯೇ ಸುಟ್ಟು ವಾಸನೆ ಬಂದಿತು. ಮನೆಯೊಡತಿಗೆ ಎಚ್ಚರವಾಗಿದ್ದುದು ಪುಣ್ಯ.

ಹೆದರಿದ ಸ್ನೇಹಿತರು ಕೂಡಲೇ ಬೋರ್ಡು ಬದಲಿಸಿದರು. ಆದರೆ ಅಂದಿನ ಅಗತ್ಯಕ್ಕೆ ಸರಿಯಾಗಿ ನಾಲ್ಕೇ ಎಂಸಿಬಿಗಳ ಚಿಕ್ಕ ಪೆಟ್ಟಿಗೆಯನ್ನು ಕೂರಿಸಿದರು. ಎರಡು ವರ್ಷದಲ್ಲಿ ಊರಿನಿಂದ ವೃದ್ಧ ತಾಯಿಯವರು ಬಂದರು. ಅವರ ಕೋಣೆಗೂ ಏಸಿ ಬೇಕಾಯಿತು. ಮಗನಿಗೆ ಕರೆಂಟಿನ ಸ್ಕೂಟರು ಬಂದಿತು. ಪೆಟ್ಟಿಗೆಯಲ್ಲಿ ಜಾಗವಿಲ್ಲ, ಮೀಟರಿನಿಂದ ಬಂದ ತಂತಿಗೆ ತ್ರಾಣವಿಲ್ಲ. ಪುನಃ ಗೋಡೆ ಒಡೆದರು. ಒಂದೇ ಕೆಲಸಕ್ಕೆ ಎರಡು ಬಾರಿ ಹಣ ತೆತ್ತರು. ನಮ್ಮ ವಾಚಕರಿಗೆ ಹಾಗಾಗಬಾರದೆಂದೇ ಈ ನಾಲ್ಕು ಮಾತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ತಂತಿಯೇ ಹಾಸಿಗೆ. ಫ್ಯೂಸಾಗಲಿ ಎಂಸಿಬಿಯಾಗಲಿ ಇರುವುದು ಮುಖ್ಯವಾಗಿ ತಂತಿಯನ್ನು ಕಾಯುವುದಕ್ಕೆ. ತಾಮ್ರದ ತಂತಿಯಾದರೆ ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನದು, ಅದಕ್ಕೆ 6 ಅಥವಾ 10 ಆಂಪಿಯರಿನ ಎಂಸಿಬಿ; ಸಾಮಾನ್ಯ ಪವರ್ ಸಾಕೆಟ್ಟಿಗೆ 2.5ರದು, ಅದಕ್ಕೆ 16. ಏಸಿ, ಗೀಸರುಗಳಿಗೆ 4ರದು, ಅದಕ್ಕೆ 20. ಇದು ವಾಡಿಕೆಯ ಅಳತೆ. ಎಂಸಿಬಿಯು ಪದೇ ಪದೇ ಬೀಳುತ್ತದೆಂದು ತಂತಿಯನ್ನು ಹಾಗೆಯೇ ಬಿಟ್ಟು ದೊಡ್ಡ ಎಂಸಿಬಿ ಹಾಕಿಸುವುದು, ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಕಳ್ಳನಿಗೆ ದಾರಿ ಬಿಟ್ಟಂತೆ.

ಇನ್ನು ಲೆಕ್ಕಕ್ಕೆ ಬರೋಣ. ಹಳೆಯ ಮನೆಯ ನಾಲ್ಕು ಫ್ಯಾನು, ಆರು ಬಲ್ಬುಗಳನ್ನು ಕೂಡಿಸಿದರೂ ಒಂದು ಕಿಲೋವ್ಯಾಟ್ ಆಗುತ್ತಿರಲಿಲ್ಲ. ಇಂದು ಒಂದೂವರೆ ಟನ್ನಿನ ಏಸಿಗೆ ಸುಮಾರು 1.6 ಕಿಲೋವ್ಯಾಟ್, ಗೀಸರಿಗೆ 2, ಇಂಡಕ್ಷನ್ ಒಲೆಗೆ 2, ಇಸ್ತ್ರಿಗೆ 1, ಫ್ರಿಜ್ಜು, ದೀಪ, ಫ್ಯಾನುಗಳಿಗೆ ಅರ್ಧಕ್ಕಿಂತ ಕೊಂಚ ಹೆಚ್ಚು. ಒಟ್ಟು ಏಳನ್ನು ಮೀರಿತು. 230 ವೋಲ್ಟಿನಲ್ಲಿ ಅದು ಸುಮಾರು 31 ಆಂಪಿಯರ್. ಇನ್ನೊಂದು ಏಸಿ, ಸ್ಕೂಟರಿನ ಚಾರ್ಜರು ಸೇರಿದರೆ 40 ದಾಟುತ್ತದೆ. ಎಲ್ಲವೂ ಒಂದೇ ಹೊತ್ತಿನಲ್ಲಿ ಓಡುವುದಿಲ್ಲ ನಿಜ. ಆದರೆ 2016ರ ಮೇ 20ರಂದು ಇದೇ ನಗರದಲ್ಲಿ ಉಷ್ಣಮಾನವು 48 ಡಿಗ್ರಿ ಮುಟ್ಟಿತ್ತು. ಅಂತಹ ರಾತ್ರಿ ಎರಡು ಕೋಣೆಯ ಏಸಿಗಳೂ ಓಡಿಯೇ ಓಡುತ್ತವೆ.

ಆದುದರಿಂದ ಬೋರ್ಡು ಬದಲಿಸುವವರು ಮುಂದಿನ ಹತ್ತು ವರ್ಷಗಳಲ್ಲಿ ಮನೆಗೆ ಏನೇನು ಬಂದೀತೆಂಬ ಪಟ್ಟಿಯನ್ನು ಮೊದಲು ಬರೆಯತಕ್ಕದ್ದು. ಎಂಟು ಎಂಸಿಬಿ ಸಾಕೆನಿಸಿದರೆ ಹನ್ನೆರಡರ ಪೆಟ್ಟಿಗೆಯನ್ನು ಕೂರಿಸಿ, ನಾಲ್ಕು ಜಾಗಗಳನ್ನು ಖಾಲಿ ಬಿಡಿ. ಫ್ಲಾಟುಗಳಲ್ಲಿ ಮೀಟರುಗಳು ಸಾಮಾನ್ಯವಾಗಿ ಕೆಳಗೆ ಮೆಟ್ಟಿಲಿನ ಬಳಿ ಇರುವುದರಿಂದ, ಅಲ್ಲಿಂದ ಮನೆಗೆ ಏರುವ ತಂತಿಯೇ ಎಲ್ಲಕ್ಕಿಂತ ಮುಖ್ಯ. ಅದನ್ನು ಈಗಲೇ ದಪ್ಪನಾಗಿ, ಅಗಲವಾದ ಕೊಳವೆಯಲ್ಲಿ ಎಳೆಸಿದರೆ, ನಾಳೆ ಮೂರು ಫೇಸ್ ಬೇಕಾದಾಗ ಗೋಡೆಯನ್ನು ಮುಟ್ಟಬೇಕಾಗಿಲ್ಲ. ಟೆನಮೆಂಟಿನಲ್ಲಿ ಸ್ವಂತ ತಾರಸಿಯುಳ್ಳವರು ಸೌರ ವಿದ್ಯುತ್ತಿಗೂ ಒಂದು ಕೊಳವೆ ಬಿಡಿಸಿಕೊಳ್ಳಲಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಲಾಯಿತು.

ಹಣ ಉಳಿಸುವ ಆಸೆಯಲ್ಲಿ ಎರಡನ್ನು ಮಾತ್ರ ಬಿಡಬಾರದು. ಒಂದು, ಒಳ್ಳೆಯ ಅರ್ಥಿಂಗ್. ಇನ್ನೊಂದು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಮನುಷ್ಯನಿಗೆ ಕರೆಂಟು ಹೊಡೆದರೆ ಅದು ಎಂಸಿಬಿಯ ಗಮನಕ್ಕೇ ಬಾರದು. ಮೈಮೂಲಕ ನೆಲಕ್ಕೆ ಸೋರುವ ಕರೆಂಟನ್ನು ಅರಿತು ಕಡಿಯುವುದು ಆರ್‌ಸಿಸಿಬಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು.

ಮೀಟರು ಹಾಗೂ ಅದರ ಸೀಲು ನಮ್ಮದಲ್ಲ. ಅದನ್ನು ಮುಟ್ಟುವುದು ಅಪರಾಧ. ಅಹಮದಾಬಾದಿನಲ್ಲಿ ಟೊರೆಂಟ್, ವಡೋದರದಲ್ಲಿ ಮಧ್ಯ ಗುಜರಾತ್ ವೀಜ್ ಕಂಪೆನಿ, ಸೂರತ್ತಿನಲ್ಲಿ ಬಡಾವಣೆಗೆ ತಕ್ಕಂತೆ ಟೊರೆಂಟ್ ಅಥವಾ ದಕ್ಷಿಣ ಗುಜರಾತ್ ವೀಜ್ ಕಂಪೆನಿ. ಮಂಜೂರಾದ ಲೋಡು ಎಷ್ಟು, ಎಷ್ಟರ ಮೇಲೆ ಮೂರು ಫೇಸ್ ಬೇಕು ಎಂಬುದನ್ನು ಬಿಲ್ಲು ಹಿಡಿದು ಹೋಗಿ ಅವರ ಕಚೇರಿಯಲ್ಲಿಯೇ ಕೇಳಿ, ಪರವಾನಿಗೆಯುಳ್ಳ ಕಂತ್ರಾಟುದಾರರಿಂದಲೇ ಕೆಲಸ ಮಾಡಿಸಬೇಕು.

ಸ್ವಂತ ಮನೆಯಿಲ್ಲದವರಿಗೆ ಇದೇಕೆಂದು ಹೋಟೆಲಿನ ಸಹೋದರರು ಕೇಳಬಹುದು. ಧಣಿಗಳು ಕೊಟ್ಟ ಕೋಣೆಯಲ್ಲಿ ಎಂಟು ಜನ ಮಲಗಿ, ಒಂದೇ ಸಾಕೆಟ್ಟಿಗೆ ಫೋನುಗಳನ್ನೂ ನೀರು ಕಾಯಿಸುವ ರಾಡನ್ನೂ ಸಿಕ್ಕಿಸುವುದನ್ನು ನಾವು ಕಂಡಿದ್ದೇವೆ. ಬೋರ್ಡು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಸಂಕೋಚಪಡದೆ ಧಣಿಗಳಿಗೆ ತಿಳಿಸಬೇಕು. ಧಣಿಗಳೂ ಅದನ್ನು ದೂರೆಂದು ಎಣಿಸದೆ ಉಪಕಾರವೆಂದು ಎಣಿಸಬೇಕು. 2019ರ ಮೇ 24ರಂದು ಸೂರತ್ತಿನ ತಕ್ಷಶಿಲಾ ಆರ್ಕೇಡಿನಲ್ಲಿ ಎದ್ದ ಬೆಂಕಿಗೆ 22 ವಿದ್ಯಾರ್ಥಿಗಳು ಬಲಿಯಾದರು. ಷಾರ್ಟ್ ಸರ್ಕೀಟೇ ಅದರ ಮೂಲವೆಂದು ವರದಿಯಾಯಿತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬೇಸಗೆ ಬರುವ ಮುನ್ನ, ಈ ಭಾನುವಾರವೇ, ಬಾಗಿಲ ಹಿಂದಿನ ಆ ಹಲಗೆಯನ್ನು ವಾಚಕರು ಒಮ್ಮೆ ಕಣ್ಣಿಟ್ಟು ನೋಡಲಿ.