ದೊಡ್ಡಮ್ಮ ಕಂಡ ಜರಿ ಟೋಪಿಯ ಮಕ್ಕಳು

ಸೊಸೆ ಅಡುಗೆಮನೆಗೆ ಹೋಗುವುದನ್ನೇ ಕಾದಿದ್ದು ಸಾಗರದ ನಮ್ಮ ದೊಡ್ಡಮ್ಮ ದನಿ ತಗ್ಗಿಸಿದರು. "ಗೋಡೆ ಬದಿ ಮಕ್ಕಳು ನಿಂತಿದಾವೆ ಕಣೋ. ಗೇಣುದ್ದ ಇದಾವೆ. ಎಲ್ಲಕ್ಕೂ ಜರಿ ಟೋಪಿ. ಒಂದೂ ಮಾತಾಡಲ್ಲ."

"ಹೆದರಿಕೆ ಆಗುತ್ತಾ ದೊಡ್ಡಮ್ಮ?"

"ಅವು ನಿಜ ಅಲ್ಲ ಅಂತ ನಂಗೊತ್ತು. ಇವರಿಗೆ ಹೇಳಿದ್ರೆ ಅರಳುಮರಳು ಅಂತಾರೆ. ಅದೇ ಹೆದರಿಕೆ."

ರೆಟಿನಾದ ನಡುಭಾಗ ಸವೆದು ಅವರ ದೃಷ್ಟಿ ಬಹುಪಾಲು ಹೋಗಿದೆ. ನೆನಪು ಮಾತ್ರ ನನಗಿಂತ ಚುರುಕು. ಕಣ್ಣಿನ ವೈದ್ಯರು ವಿಷಯ ಕೇಳಿದೊಡನೆ ಹೆಸರು ಹೇಳಿದರು: ಚಾರ್ಲ್ಸ್ ಬಾನೆ ಸಿಂಡ್ರೋಮ್.

ಬಾನೆ 18ನೇ ಶತಮಾನದ ಜಿನೀವಾದ ನಿಸರ್ಗ ವಿಜ್ಞಾನಿ. ಗಂಡಿನ ಸಂಪರ್ಕವಿಲ್ಲದೆ ಸಸ್ಯಹೇನುಗಳು ಮರಿಹಾಕುವುದನ್ನು ತೋರಿಸಿಕೊಟ್ಟವರು. ತಮ್ಮ ತಾತ ಚಾರ್ಲ್ಸ್ ಲುಲಿನ್‌ಗೆ ಕಾಣುತ್ತಿದ್ದ ದೃಶ್ಯಗಳ ಬಗ್ಗೆ ಅವರು 1760ರಲ್ಲಿ ಬರೆದರು. 20ನೇ ಶತಮಾನದಲ್ಲಿ ಅದೇ ಊರಿನ ನರತಜ್ಞ ಜಾರ್ಜ್ ದ ಮಾರ್ಸಿಯೆ ಈ ಸ್ಥಿತಿಗೆ ಬಾನೆಯ ಹೆಸರಿಟ್ಟರು. ತಾತನ ಹೆಸರನ್ನೇ ಇಡಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೊರೆಯ ಶಸ್ತ್ರಚಿಕಿತ್ಸೆಯಾದರೂ ದೃಷ್ಟಿ ಕುಂದುತ್ತಲೇ ಹೋದ ಆ ನಿವೃತ್ತ ನ್ಯಾಯಾಧಿಕಾರಿ, ಕಂಡದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆಸಿಟ್ಟರು. ಮೊದಲು ಕಂಡದ್ದು ನೀಲಿ ಕರವಸ್ತ್ರ. ನಾಲ್ಕು ಮೂಲೆಗಳಲ್ಲೂ ಹಳದಿ ಚುಕ್ಕೆ. ಅವರು ಎತ್ತ ನೋಡಿದರೆ ಅತ್ತ ಅದೂ ಸರಿಯುತ್ತಿತ್ತು. ಆ ಮೂಲೆಯ ಚುಕ್ಕೆಗಳೇ ನನ್ನನ್ನು ಕಾಡುತ್ತಿರುವುದು. ಎದುರಿನ ಮುಖವೂ ನಿಚ್ಚಳವಾಗಿ ಕಾಣದ ಕಣ್ಣಿಗೆ ಚುಕ್ಕೆಯ ಬಣ್ಣ ಕಾಣಿಸಿದ್ದು ಹೇಗೆ? ಮುಂದೆ ಹೆಣ್ಣು ಮೊಮ್ಮಕ್ಕಳು ನೋಡಲು ಬಂದಾಗ, ಅವರ ಜೊತೆ ಬೆಳ್ಳಿ ಅಂಚಿನ ಟೋಪಿ ತೊಟ್ಟ ಸುಂದರ ಯುವಕರೂ ಬಂದಿದ್ದಾರೆಂದು ತಾತ ಮೆಚ್ಚಿ ನುಡಿದರಂತೆ. ಹುಡುಗಿಯರ ಜೊತೆ ಯಾರೂ ಇರಲಿಲ್ಲ. ಜಿನೀವಾದಲ್ಲೂ ಟೋಪಿ, ಸಾಗರದಲ್ಲೂ ಟೋಪಿ! ಅಲಂಕಾರದ ಉಡುಪು, ಕುಳ್ಳ ಆಕೃತಿ, ಪೂರ್ಣ ಮೌನ ಇವೆಲ್ಲ ಈ ಸ್ಥಿತಿಯಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳೆಂದು ಓದಿದಾಗ ಮೈ ಜುಮ್ಮೆಂದಿತು.

ಕಣ್ಣಿನಿಂದ ಮಾಹಿತಿ ಬರುವುದು ಕಡಿಮೆಯಾದಾಗ ಮಿದುಳಿನ ದೃಷ್ಟಿ ಕೇಂದ್ರಗಳು ತಾವಾಗಿಯೇ ಚುರುಕಾಗುತ್ತವೆ. 1998ರಲ್ಲಿ ಲಂಡನ್‌ನ ಡೊಮಿನಿಕ್ ಫಿಚ್ ಮತ್ತು ಸಂಗಡಿಗರು ಇದನ್ನು ಸ್ಕ್ಯಾನ್‌ನಲ್ಲೇ ಹಿಡಿದರು. ಬಣ್ಣ ಕಂಡವರಲ್ಲಿ ಬಣ್ಣ ಗುರುತಿಸುವ ಭಾಗ, ಮುಖ ಕಂಡವರಲ್ಲಿ ಮುಖ ಗುರುತಿಸುವ ಭಾಗ ಸಕ್ರಿಯವಾಗಿತ್ತು. ತಾತನ ಹಳದಿ ಚುಕ್ಕೆಗೆ ಉತ್ತರ ಅಲ್ಲಿದೆ.

ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರಿಗೂ ಹೀಗಾಗಬಹುದು. ದೀಪ ಹಾಕುವುದು, ದೃಷ್ಟಿಯನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದು ಕೆಲವರಿಗೆ ನೆರವಾಗುತ್ತದೆ. ದನಿಗಳೂ ಕೇಳಿಸಿದರೆ, ಕಂಡದ್ದೆಲ್ಲ ನಿಜವೆಂದೇ ನಂಬಿದರೆ ಕಾರಣ ಬೇರೆ ಇರಬಹುದು. ಪಾರ್ಕಿನ್ಸನ್, ಸೋಂಕು, ಔಷಧದ ಪರಿಣಾಮ ಎಲ್ಲವನ್ನೂ ವೈದ್ಯರು ಪರೀಕ್ಷಿಸಬೇಕು.

ನಿಮ್ಮ ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಅವರಾಗಿ ಹೇಳಲಿ ಎಂದು ಕಾಯಬೇಡಿ. ಇಲ್ಲದ್ದೇನಾದರೂ ಕಾಣುತ್ತದೆಯೇ ಎಂದು ನೀವೇ ಕೇಳಿ. ಹೌದೆಂದರೆ ಮಂತ್ರವಾದಿಯ ಬಳಿಗಲ್ಲ, ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.