ಪುಲ್ಲಿ ಸಣ್ಣದಾಯಿತು, ಪಾಠ ದೊಡ್ಡದಾಯಿತು

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ. ಸಿಂಧನೂರಿನಿಂದ ಲಿಂಗಸುಗೂರಿಗೆ ಮದುವೆ ಬಾಡಿಗೆಗೆ ಹೊರಟಿದ್ದ ನನ್ನ ಸೋದರಮಾವನ ಕಾರು ಮಸ್ಕಿಯ ಹತ್ತಿರ ನಿಂತುಬಿಟ್ಟಿತು. ಬಾನೆಟ್ ಎತ್ತಿದರೆ ಬುಸ್ಸೆಂದು ಆವಿ. ಒಳಗೆ ವಯಸ್ಸಾದ ಅಜ್ಜಿಯೂ ಸೇರಿ ಆರು ಜನ, ಹೊರಗೆ ಸುಡುವ ಬಿಸಿಲು. ಮಾಮಾ ಬೈಯಲಿಲ್ಲ. ನನ್ನ ಕಡೆ ತಿರುಗಿ, ‘ಏನ್ ಮಾಡಿಸಿದ್ಯೋ ಇಂಜಿನಿಯರಾ?’ ಎಂದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು. ಏಕೆಂದರೆ ತಪ್ಪು ನನ್ನದೇ.

ಎರಡು ವಾರದ ಹಿಂದೆ ‘ಮೈಲೇಜ್ ಹೆಚ್ಚಾಗ್ತದ, ಪಿಕಪ್ ಬರ್ತದ ಮಾಮಾ’ ಎಂದು ಒಪ್ಪಿಸಿ, ಆ ಹಳೆಯ ಡೀಸೆಲ್ ಕಾರಿಗೆ ಅಂಡರ್‌ಡ್ರೈವ್ ಪುಲ್ಲಿ ಹಾಕಿಸಿದವನು ನಾನೇ. ಮೊಬೈಲ್‌ನಲ್ಲಿ ನೋಡಿದ ನಾಲ್ಕಾರು ವಿಡಿಯೊಗಳೇ ನನಗೆ ಆಧಾರ. ಲೇಥ್ ಅಂಗಡಿಯಲ್ಲಿ ಸಣ್ಣ ಪುಲ್ಲಿ ಮಾಡಿಸಿ, ಗಿಡ್ಡ ಬೆಲ್ಟ್ ತಂದು ಕೂಡಿಸಿದ್ದಾಯಿತು. ಗಾಡಿ ಹಗುರಾಗಿ ಓಡುತ್ತಿದೆ ಎಂದು ಮಾಮಾಗೂ ಅನ್ನಿಸಿತು, ನನಗೂ ಅನ್ನಿಸಿತು. ಅಳೆದು ನೋಡಿದವರು ಯಾರೂ ಇಲ್ಲ.

ಏನಿದು ಅಂಡರ್‌ಡ್ರೈವ್?

ಹಿಟ್ಟಿನ ಗಿರಣಿ ನೋಡಿದವರಿಗೆ ಇದು ಹೊಸದಲ್ಲ. ಮೋಟಾರಿಗೆ ಸಣ್ಣ ಪುಲ್ಲಿ, ಬೀಸುವ ಕಲ್ಲಿಗೆ ದೊಡ್ಡ ಪುಲ್ಲಿ ಇದ್ದರೆ ಕಲ್ಲು ನಿಧಾನ ತಿರುಗುತ್ತದೆ. ಕಾರಿನಲ್ಲೂ ಇದೇ ಲೆಕ್ಕ. ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ತುದಿಯ ಪುಲ್ಲಿಯಿಂದ ಹೊರಡುವ ಬೆಲ್ಟ್ ಆಲ್ಟರ್ನೇಟರ್, ವಾಟರ್ ಪಂಪ್, ಎ.ಸಿ. ಕಂಪ್ರೆಸರ್‌ಗಳನ್ನು ತಿರುಗಿಸುತ್ತದೆ. ಹಳೆಯ ಗಾಡಿಗಳಲ್ಲಿ ಪವರ್ ಸ್ಟೀರಿಂಗ್ ಪಂಪ್ ಕೂಡ ಇದರ ಮೇಲೆಯೇ. ಇವೆಲ್ಲ ಎಂಜಿನ್ನಿನ ಶಕ್ತಿಯಲ್ಲಿ ಪಾಲು ತಿನ್ನುತ್ತವೆ. ಕ್ರ್ಯಾಂಕ್ ಪುಲ್ಲಿಯನ್ನು ಸಣ್ಣದು ಮಾಡಿದರೆ, ಇಲ್ಲವೇ ಉಳಿದವುಗಳ ಪುಲ್ಲಿಯನ್ನು ದೊಡ್ಡದು ಮಾಡಿದರೆ, ಅವು ನಿಧಾನವಾಗುತ್ತವೆ. ತಿನ್ನುವ ಪಾಲು ಕಡಿಮೆಯಾಗಿ, ಉಳಿದ ಶಕ್ತಿ ಚಕ್ರಕ್ಕೆ ಸಿಗುತ್ತದೆ ಎಂಬುದು ವಾದ.

ಲಾಭ ಸುಳ್ಳಲ್ಲ

ಪಂಪ್ ಮತ್ತು ಫ್ಯಾನ್‌ಗಳಿಗೆ ಬೇಕಾಗುವ ಶಕ್ತಿ ಅವುಗಳ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗವನ್ನು ಶೇ 20ರಷ್ಟು ಇಳಿಸಿದರೆ 0.8 × 0.8 × 0.8, ಅಂದರೆ 0.512. ಹೆಚ್ಚುಕಡಿಮೆ ಅರ್ಧ ಶಕ್ತಿ ಉಳಿಯಿತು! ರೇಸ್ ಕಾರುಗಳಿಗೆ ಇದು ಒಪ್ಪುವುದು ಇದಕ್ಕೇ. ಅಲ್ಲಿ ಎಂಜಿನ್ ಸದಾ ಏರಿದ ವೇಗದಲ್ಲಿರುತ್ತದೆ. ಪಂಪ್ ಅಗತ್ಯಕ್ಕಿಂತ ಜೋರಾಗಿ ತಿರುಗುತ್ತಿರುತ್ತದೆ. ಎ.ಸಿ. ಇಲ್ಲ, ಸಿಗ್ನಲ್ಲಿನಲ್ಲಿ ನಿಲ್ಲುವುದಿಲ್ಲ, ರೇಸ್ ಮುಗಿದ ಮೇಲೆ ಎಂಜಿನ್ ಬಿಚ್ಚಿ ನೋಡುವವರಿದ್ದಾರೆ.

ಆದರೆ ಆಲ್ಟರ್ನೇಟರಿನ ಲೆಕ್ಕ ಬೇರೆ. ಹೆಡ್‌ಲೈಟ್, ಬ್ಯಾಟರಿಗಳಿಗೆ ಬೇಕಾದಷ್ಟು ವಿದ್ಯುತ್ತನ್ನು ಅದು ಕೊಡಲೇಬೇಕು. ನಿಧಾನ ತಿರುಗಿದರೆ ಅಷ್ಟೇ ವಿದ್ಯುತ್ತಿಗೆ ಇನ್ನೂ ಬಿಗಿಯಾಗಿ ತಿರುಗಬೇಕು. ಹಾಗಾಗಿ ಉಳಿಯುವುದು ಅಲ್ಪ. ಎ.ಸಿ. ಕೂಡ ಹಾಗೆಯೇ. ಕಂಪ್ರೆಸರ್ ನಿಧಾನವಾದರೆ ಅದೇ ತಂಪಿಗೆ ಹೆಚ್ಚು ಹೊತ್ತು ಓಡುತ್ತದೆ.

ಹೊಸ ಕಾರುಗಳಲ್ಲಂತೂ ಉಳಿಸಲು ಹೆಚ್ಚೇನೂ ಇಲ್ಲ. ಸ್ಟೀರಿಂಗ್ ಎಲೆಕ್ಟ್ರಿಕ್, ರೇಡಿಯೇಟರ್ ಫ್ಯಾನಿಗೆ ಬೇರೆ ಮೋಟಾರು. ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವುದರಿಂದ ಅದನ್ನು ಈ ಪುಲ್ಲಿ ಮುಟ್ಟುವುದೇ ಇಲ್ಲ. ಮೇಲಾಗಿ ವಾರಂಟಿ ಕೈತಪ್ಪುವ ಭಯ.

ನಷ್ಟ ಎಲ್ಲಿ?

ನಷ್ಟ ಕಾಣುವುದು ಗಾಡಿ ನಿಧಾನವಾದಾಗ. ಒಂದು ಉದಾಹರಣೆ ನೋಡಿ. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 60 ಮಿ.ಮೀ. ಇದೆ ಎನ್ನೋಣ. ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗಿದರೆ ಆಲ್ಟರ್ನೇಟರ್ 2,000 ಸುತ್ತು ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿಯನ್ನು 120 ಮಿ.ಮೀ.ಗೆ ಇಳಿಸಿದರೆ ಅದು 1,600 ಆಗುತ್ತದೆ. ಆ ವೇಗದಲ್ಲಿ ವಿದ್ಯುತ್ ಉತ್ಪಾದನೆ ತೀರಾ ಕುಸಿಯಬಹುದು. ರಾತ್ರಿ ಹೆಡ್‌ಲೈಟ್ ಮಂಕಾಗಿ, ಬ್ಯಾಟರಿ ಇಳಿಯುತ್ತದೆ.

ಮಾಮಾನ ಕಾರಿನಲ್ಲಿ ಇನ್ನೊಂದು ಸಂಗತಿಯಿತ್ತು. ವಾಟರ್ ಪಂಪ್ ಮತ್ತು ಫ್ಯಾನ್ ಎರಡೂ ಒಂದೇ ಶಾಫ್ಟಿನ ಮೇಲೆ. ಪಂಪ್ ನಿಧಾನವಾದಾಗ ಫ್ಯಾನೂ ನಿಧಾನವಾಯಿತು. ನೀರಿನ ಹರಿವೂ ಕಡಿಮೆ, ಗಾಳಿಯೂ ಕಡಿಮೆ. ಖಾಲಿ ರಸ್ತೆಯಲ್ಲಿ ಎದುರು ಗಾಳಿ ರೇಡಿಯೇಟರನ್ನು ತಂಪು ಮಾಡುತ್ತಿತ್ತು, ಗೊತ್ತಾಗಲಿಲ್ಲ. ಅವತ್ತು ಭತ್ತದ ಲೋಡು ಹೊತ್ತ ಟ್ರ್ಯಾಕ್ಟರ್‌ಗಳ ಹಿಂದೆ ಎ.ಸಿ. ಹಾಕಿಕೊಂಡು ಸಾಗಿದೆವು. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಎಂಜಿನ್ ಕುದಿಯಿತು.

ಮಸ್ಕಿಯ ಮಿಸ್ತ್ರಿಯೊಬ್ಬರು ಬಂದು ನೋಡಿದರು. ಡಿಕ್ಕಿಯಲ್ಲಿದ್ದ ಹಳೆಯ ಪುಲ್ಲಿಯನ್ನು ಕೈಗೆತ್ತಿಕೊಂಡು, ಅದರ ಮಧ್ಯದ ರಬ್ಬರ್ ಬಳೆ ತೋರಿಸಿ ಕೇಳಿದರು: ‘ಇದನ್ನ ಕಂಪನಿಯವ್ರು ಸುಮ್ನೆ ಇಟ್ಟಾರೇನು ತಮ್ಮಾ?’ ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟ್ ಕೊಂಚ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಆ ಕಂಪನವನ್ನು ಹೀರಿಕೊಳ್ಳುವುದೇ ರಬ್ಬರಿನ ಕೆಲಸ. ಅದಕ್ಕೇ ಅಂಥ ಪುಲ್ಲಿಗೆ ಡ್ಯಾಂಪರ್ ಎನ್ನುತ್ತಾರೆ. ನಾನು ಮಾಡಿಸಿದ್ದು ಗಟ್ಟಿ ಕಬ್ಬಿಣದ್ದು. ಹಾಗೇ ಓಡಿಸಿದ್ದರೆ ಬೇರಿಂಗ್ ಸವೆದು, ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಬಿರುಕು ಬಿಡುವ ಅಪಾಯವಿತ್ತು. ನಮ್ಮ ಪುಣ್ಯ, ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದಷ್ಟಕ್ಕೇ ಮುಗಿಯಿತು.

ಮದುವೆಯವರನ್ನು ಬೇರೆ ಗಾಡಿಯಲ್ಲಿ ಕಳಿಸಿದೆವು. ಮುಂಗಡ ವಾಪಸ್ ಕೊಟ್ಟದ್ದಾಯಿತು. ಲಗ್ನದ ಸೀಸನ್ನಿನಲ್ಲಿ ಐದು ದಿನ ಕಾರು ಗ್ಯಾರೇಜಿನಲ್ಲಿ ನಿಂತಿತು. ದಿನದ ಬಾಡಿಗೆಯೇ ಮಾಮಾನ ಮನೆಯ ಊಟ.

ಹಾಗಾದರೆ ಏನು ಮಾಡಬೇಕು?

ಟ್ರ್ಯಾಕಿಗೆಂದೇ ಇಟ್ಟ ಕಾರಾದರೆ, ಡ್ಯಾಂಪರ್ ಉಳಿಸಿಕೊಂಡು ತಿಳಿದವರಿಂದ ಹಾಕಿಸಿಕೊಳ್ಳಿ. ನಮ್ಮೂರಿನ ಬಿಸಿಲಲ್ಲಿ, ಬಾಡಿಗೆ ಓಡುವ ಗಾಡಿಗೆ ಬೇಡವೇ ಬೇಡ. ಮೈಲೇಜ್ ಬೇಕಿದ್ದರೆ ಟೈರಿನ ಗಾಳಿ, ಏರ್ ಫಿಲ್ಟರ್ ಮೊದಲು ನೋಡಿ. ಏನೇ ಬದಲಾಯಿಸುವ ಮೊದಲೂ, ಬದಲಾಯಿಸಿದ ನಂತರವೂ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಲೀಟರಿಗೆ ಎಷ್ಟು ಕಿ.ಮೀ. ಬಂತೆಂದು ಬರೆದಿಡಿ. ‘ಅನ್ನಿಸಿತು’ ಎಂಬುದು ಅಳತೆಯಲ್ಲ.

ಸ್ನೇಹಿತರೇ, ನನಗೆ ನಿಜಕ್ಕೂ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಪಂಪಿನ ಆ ಘನದ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಅದೇ ನಿಯಮದ ಪಕ್ಕದಲ್ಲೇ, ವೇಗ ಇಳಿದರೆ ನೀರಿನ ಹರಿವೂ ಅಷ್ಟೇ ಇಳಿಯುತ್ತದೆ ಎಂದಿತ್ತು. ಅದನ್ನೂ ಬರೆದಿದ್ದೆ. ಆದರೆ ಬಾನೆಟ್ ಎತ್ತಿದಾಗ ಲಾಭದ ಸಾಲು ಮಾತ್ರ ನೆನಪಾಯಿತು. ನಾಳೆ ಕೆಲಸಕ್ಕೆ ಸೇರಿದ ಮೇಲೆ ಹೀಗಾದರೆ ಬೆಲೆ ಒಂದು ಗ್ಯಾಸ್ಕೆಟ್ಟಿಗೆ ನಿಲ್ಲುವುದಿಲ್ಲ.

ಹಳೆಯ ಪುಲ್ಲಿ ಮತ್ತೆ ಅದರ ಜಾಗಕ್ಕೆ ಬಂದಿದೆ. ಕಾರಿಗೇನಾದರೂ ಆದರೆ ಮಾಮಾ ಈಗಲೂ ನನಗೇ ಫೋನ್ ಮಾಡುತ್ತಾರೆ. ‘ತಡಿ ಮಾಮಾ, ಲೆಕ್ಕ ಹಾಕಿ ಹೇಳ್ತೀನಿ’ ಎನ್ನುವುದನ್ನು ಈಗ ಕಲಿತಿದ್ದೇನೆ.