ಕಳಿತ ಗೊಬ್ಬರವೂ ಕುಂಡದ ಸೊಪ್ಪೂ

ಮಹಾನಗರದಲ್ಲಿ ನೆಲೆಸಿದ ನಮ್ಮವರಿಗೆ ನಾಲ್ಕಡಿಯ ಬಾಲ್ಕನಿ ದೊರೆತರೂ ಸಾಕು, ಎರಡು ಕುಂಡಗಳನ್ನಿಟ್ಟು ಕೊತ್ತಂಬರಿ, ಮೆಂತ್ಯ, ಹರಿವೆ ಬಿತ್ತುತ್ತಾರೆ. ಸಂತೋಷದ ವಿಷಯವೇ. ಆದರೆ ಗೊಬ್ಬರದ ಬಗೆಗೆ ಹಲವರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಸೆಗಣಿಯೆಂದರೆ ಗೊಬ್ಬರ, ತರಕಾರಿ ಸಿಪ್ಪೆಯೆಂದರೆ ಗೊಬ್ಬರ ಎಂದು ಭಾವಿಸಿ ಹಸಿಯದನ್ನೇ ಗಿಡದ ಬುಡಕ್ಕೆ ಸುರಿಯುತ್ತಾರೆ. ವಾಸ್ತವವಾಗಿ ಇವು ಕಚ್ಚಾ ಸಾಮಗ್ರಿಗಳು ಮಾತ್ರ. ಕಳಿತ ಬಳಿಕವೇ ಗೊಬ್ಬರ.

ಊರಿನ ತಿಪ್ಪೆಯನ್ನು ನೆನೆಯಿರಿ. ಕರಾವಳಿ, ಮಲೆನಾಡುಗಳಲ್ಲಿ ದನಗಳ ಕಾಲಡಿಗೆ ಸೊಪ್ಪು, ತರಗೆಲೆ ಹಾಸಿ, ಸೆಗಣಿ ಗಂಜಲಗಳಲ್ಲಿ ನೆನೆದ ಅದನ್ನು ಗುಂಡಿಗೆ ಹಾಕಿ, ತಿಂಗಳುಗಟ್ಟಲೆ ಬಿಟ್ಟು ಅನಂತರವೇ ತೋಟಕ್ಕೆ ಹೊರುವುದು ವಾಡಿಕೆ. ಇದರ ಹಿಂದೆ ಒಂದು ಲೆಕ್ಕವಿದೆ. ಕೊಳೆಯಿಸುವ ಸೂಕ್ಷ್ಮಾಣುಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಬೇಕು. ತರಗೆಲೆಯಲ್ಲಿ ಇಂಗಾಲ ಹೆಚ್ಚು. ಸೆಗಣಿ, ಗಂಜಲ, ಹಸಿ ಸಿಪ್ಪೆಗಳಲ್ಲಿ ಸಾರಜನಕ ಹೆಚ್ಚು. ಬರಿಯ ಸಿಪ್ಪೆಯನ್ನೇ ಒಟ್ಟಿದರೆ ನೀರೊಡೆದು ನಾರುತ್ತದೆ, ನೆರೆಮನೆಯವರ ಆಕ್ಷೇಪಣೆಯೂ ಬರುತ್ತದೆ. ಬರಿಯ ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಿದರೆ ಜೀವಿಗಳು ಮಣ್ಣಿನ ಸಾರಜನಕವನ್ನೇ ಕಬಳಿಸಿ ಗಿಡ ಹಳದಿಯಾಗುತ್ತದೆ.

ಆರೋಗ್ಯದ ಪ್ರಶ್ನೆ ಇದಕ್ಕಿಂತ ಮುಖ್ಯವಾದುದು. ಹಸಿ ಸೆಗಣಿಯಲ್ಲಿ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳಿರಬಹುದು. ನಾಯಿ ಬೆಕ್ಕುಗಳ ಮಲದಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು. ಅಂತಹ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಳ ಕಾಲ ಬದುಕಬಲ್ಲವು. ಬೇಯಿಸುವ ಬದನೆಗೆ ಭಯವಿಲ್ಲ. ಆದರೆ ಕೊತ್ತಂಬರಿಯನ್ನು ನಾವು ಸಾರಿನ ಮೇಲೆ, ಕೋಸಂಬರಿಯಲ್ಲಿ ಹಸಿಯಾಗಿಯೇ ಉದುರಿಸುತ್ತೇವಲ್ಲವೆ? ತೊಳೆದರೆ ಅಪಾಯ ತಗ್ಗೀತು, ಪೂರ್ಣ ನಿವಾರಣೆಯಾಗದು.

ಇವುಗಳನ್ನು ಕೊಲ್ಲುವುದು ತಿಪ್ಪೆಯ ಕಾವು. ರಾಶಿಯೊಳಗೆ 55 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣ ಕೆಲವು ದಿನ ನಿಂತರೆ ರೋಗಾಣುಗಳೂ ಮೊಟ್ಟೆಗಳೂ ನಾಶವಾಗುತ್ತವೆ. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡರು ರೂಪಿಸಿದ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚುತ್ತಾರೆ. ಹೊರಗಿನ ತಣ್ಣನೆಯ ಭಾಗವೂ ಒಳಗೆ ಸೇರಿ ಕಾವು ಪಡೆಯುತ್ತದೆ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಮಗುಚದೆ, ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮೆತ್ತುವ ಇನ್ನೊಂದು ವಿಧಾನವನ್ನು ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪಿಸಿದರು. ಪಟ್ಟಣದ ಕಸ ಮತ್ತು ಮಲವನ್ನು ಗೊಬ್ಬರವಾಗಿಸುವ ಈ ವಿಧಾನಕ್ಕೆ ಲೋಕದಲ್ಲಿ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ನಮಗೆ ಹೆಮ್ಮೆಯೇ, ಆದರೆ ಅದಕ್ಕೆ ಆರೆಂಟು ತಿಂಗಳ ಸಹನೆ ಬೇಕು!

ಬಾಲ್ಕನಿಯ ಡಬ್ಬಿಗೆ ಈ ಕಾವು ಬಾರದು. ಉದ್ದ, ಅಗಲ, ಎತ್ತರ ಸುಮಾರು ಒಂದೊಂದು ಮೀಟರಾದರೂ ಇರುವ ರಾಶಿಯಲ್ಲಿಯೇ ಶಾಖ ನಿಲ್ಲುವುದು. ಆದುದರಿಂದ ಮನೆಯ ಡಬ್ಬಿಗೆ ಹಸಿ ಸೆಗಣಿ, ಸಾಕುಪ್ರಾಣಿಗಳ ಮಲ, ಮೀನು ಮಾಂಸದ ತುಣುಕು ಸೇರಿಸದಿರುವುದೇ ಕ್ಷೇಮ. ತಳದಲ್ಲಿ ತೂತುಗಳಿರುವ ಡಬ್ಬಿಯಲ್ಲಿ ಸಿಪ್ಪೆ, ಚಹದ ಚರಟ, ಅದರ ಮೇಲೆ ಒಂದು ಪದರ ಒಣ ಎಲೆ, ಹಿಡಿ ಹಳೆಯ ಮಣ್ಣು, ಹಿಂಡಿದ ಬಟ್ಟೆಯಷ್ಟು ತೇವ, ವಾರಕ್ಕೊಮ್ಮೆ ಕೆದಕುವುದು. ಡಬ್ಬಿ ತುಂಬಿದ ಮೇಲೆ ಮೂರು ತಿಂಗಳು ಮುಟ್ಟಬಾರದು.

ಸೆಗಣಿ ಗೊಬ್ಬರವನ್ನು ಕೊಳ್ಳುವವರು ಮೂಸಿ ನೋಡಿಯೇ ಕೊಳ್ಳಬೇಕು. ಚೆನ್ನಾಗಿ ಕಳಿತದ್ದು ಕಪ್ಪಾಗಿ, ಹುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಕಂಪು ಬೀರುತ್ತದೆ; ಗಂಜಲದ ಘಾಟಿದ್ದರೆ ಇನ್ನೂ ಹಸಿಯೆಂದೇ ಅರ್ಥ. ಮೂರು ಪಾಲು ಮಣ್ಣಿಗೆ ಒಂದು ಪಾಲು ಕಳಿತ ಗೊಬ್ಬರ ಕೊತ್ತಂಬರಿಗೆ ಧಾರಾಳವಾಯಿತು.